ರೇಖೆಯ ದಪ್ಪ

ರೇಖೆಗೆ ಉದ್ದವಿದೆ, ಅಗಲವಿಲ್ಲ
ಎಂದಿದ್ದರು ಏಳನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು.
ನಂಬಿದ್ದೆ,
ಪ್ರಾಧಿಕಾರದ ಮೂರನೇ ಮಹಡಿಯಲ್ಲಿ
ಪೆನ್ನು ಕೈಗೆ ಬರುವ ತನಕ.

ಸೊನ್ನೆ ಪಾಯಿಂಟ್ ಐದರ ಮೊನೆ.
ಹಿರಿಯ ನಕ್ಷೆಗಾರ ದಸ್ತಗೀರ್ ಸಾಬರು
ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ
ಒಳಗಿನ ಸೂಜಿ ಟಕಟಕ ಅಂದದ್ದು ಕೇಳಿಸಿಕೊಂಡು
"ಎಳಿಯಮ್ಮಾ" ಅಂದರು.
ಎಳೆದೆ. ಪಕ್ಕದ ಕೋಣೆಯ ಅಮೋನಿಯ ಘಾಟಿಗೆ
ಕಣ್ಣಲ್ಲಿ ನೀರು. ಗೆರೆ ಮಾತ್ರ ನೆಟ್ಟಗೆ.

"ಎರಡು ಸಾವಿರಕ್ಕೆ ಒಂದು ಪ್ರಮಾಣ.
ನೀನು ಈಗ ಎಳೆದ ಗೆರೆಯ ದಪ್ಪ
ನೆಲದ ಮೇಲೆ ಎಷ್ಟಾಯಿತು, ಹೇಳು?"
ಬೆರಳು ಮಡಿಸಿದೆ. ಒಂದು ಮೀಟರು.
ಇತ್ತಲಿನವನದಲ್ಲ, ಅತ್ತಲಿನವನದಲ್ಲ,
ಉದ್ದಕ್ಕೂ ಒಂದು ಮೀಟರು
ಬರೀ ಶಾಯಿ.

"ಅದು ಯಾರದು ಸಾರ್?"
ಕನ್ನಡಕ ಒರೆಸಿಕೊಂಡರು.
"ಇಷ್ಟು ವರ್ಷ ಒಬ್ಬರೂ ಕೇಳಿಲ್ಲ.
ನೀನೂ ಜೋರಾಗಿ ಕೇಳಬೇಡ."

ಹತ್ತೊಂಬತ್ತು ವರ್ಷ ಕೂತು ಗೆರೆ ಎಳೆದೆ.
ರಾಗಿ ಹೊಲ ಮೂವತ್ತು ನಲವತ್ತಾಯಿತು,
ಗುಂಡುತೋಪು ನಾಗರಿಕ ಸೌಕರ್ಯದ ನಿವೇಶನವಾಯಿತು.
ಹಸಿರು ಪೆನ್ಸಿಲಿನಲ್ಲಿ ಪಾರ್ಕು ತುಂಬುವಾಗ
ಮರಕ್ಕೊಂದು ಸೊನ್ನೆ, ಪೊದೆಗೊಂದು ಚುಕ್ಕಿ;
ಮಕ್ಕಳಿಗೆ ಚಿಹ್ನೆ ಇರಲಿಲ್ಲ.
ತಪ್ಪಿದರೆ ಬ್ಲೇಡಿನಿಂದ ಕೆರೆಯುವುದು.
ಒಂದೆರಡು ಕೆರೆಯನ್ನೂ ಹಾಗೇ ಕೆರೆದಿದ್ದೇನೆ,
ಮೇಲಿನವರ ಸಹಿ ಇತ್ತು.
ಆದರೆ ಹಾಳೆಯನ್ನು ಕಿಟಕಿಗೆ ಹಿಡಿದರೆ
ಕೆರೆದ ಜಾಗ ಬಿಳಿಚಿಕೊಂಡು ಕಾಣುತ್ತಿತ್ತು:
ಸುಳ್ಳಿಗೂ ಒಂದು ಮಚ್ಚೆಯಿದ್ದ ಕಾಲ.

ಆಮೇಲೆ ಬೋಗಾದಿ ರಸ್ತೆಯ ಗಾಜಿನ ಕಟ್ಟಡ.
ಸಂಬಳ ಎರಡೂವರೆ ಪಟ್ಟು, ಕುರ್ಚಿ ತಿರುಗುತ್ತಿತ್ತು.
ಪರದೆಯ ಮೇಲೆ ಗೆರೆಯನ್ನು ಎಷ್ಟು ಹಿಗ್ಗಿಸಿದರೂ
ದಪ್ಪವಾಗುವುದಿಲ್ಲ.
ಕೊನೆಗೂ ಮೇಷ್ಟ್ರೇ ಗೆದ್ದರು ಅಂದುಕೊಂಡೆ.

ಮಾಲೀಕ ಕೆಂಪರಾಜು ಒಳ್ಳೆಯವನೇ.
ಮಗಳ ಫೀಸಿಗೆ ನಾನು ಕೇಳುವ ಮುಂಚೆಯೇ ಚೆಕ್ಕು.
ಒಂದು ಸಂಜೆ ಹಂಚಿನಕೊಪ್ಪಲಿನ ನಕ್ಷೆ ನೋಡುತ್ತ
ಟೀ ಲೋಟ ಮೇಜಿಗಿಟ್ಟು
"ಹಳ್ಳಾನ ವಸಿ ಪಕ್ಕಕ್ಕೆ ಕೂರ್ಸಿ ಮೇಡಂ" ಅಂದ,
ಬಸ್ಸಿನಲ್ಲಿ ಸೀಟು ಕೇಳುವವರ ಹಾಗೆ.
ಮೌಸು ಹಿಡಿದೆ, ಎಳೆದೆ, ಬಿಟ್ಟೆ.
ಹಳ್ಳ ಸರಿಯಿತು. ಹನ್ನೊಂದು ಸೈಟು ಎದ್ದವು.
ಕೆರೆದ ಗುರುತಿಲ್ಲ.

ಕ್ರಯಪತ್ರದ ಚಕ್ಕುಬಂದಿ:
ಪೂರ್ವಕ್ಕೆ ನಲವತ್ತಾರು, ಪಶ್ಚಿಮಕ್ಕೆ ನಲವತ್ತೆಂಟು,
ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಐವತ್ತೊಂಬತ್ತು.
ಕೆಳಗೆ ಏನಿದೆ
ಎಂದು ಬರೆಯಲು ಜಾಗ ಬಿಟ್ಟಿರುವುದಿಲ್ಲ.

ನಿವೃತ್ತಿಯ ಮೇಲೆ ಒಮ್ಮೆ ಹೋದೆ, ಯಾರಿಗೂ ಹೇಳದೆ.
ಸಿಟಿ ಬಸ್ಸಿನ ಕೊನೆ ಸ್ಟಾಪು. ಅಷ್ಟು ದೂರದಿಂದ
ಚಾಮುಂಡಿ ಬೆಟ್ಟವೂ ಯಾರದೋ ವಾಟರ್ ಟ್ಯಾಂಕಿನ ಹಿಂದೆ.
ನಲವತ್ತೇಳಕ್ಕೂ ನಲವತ್ತೆಂಟಕ್ಕೂ ನಡುವೆ
ಎರಡು ಕಾಂಪೌಂಡು ಒಂದನ್ನೊಂದು ಮುಟ್ಟದೆ ನಿಂತಿದ್ದವು.
ಸಂದನ್ನು ಹೆಜ್ಜೆಯಲ್ಲಿ ಅಳೆದೆ, ಹಳೇ ಚಾಳಿ.
ಒಂದು ಮೀಟರು.
ಅದರ ತುಂಬ ಕೆಸವು, ಒಂದೊಂದು ಎಲೆಯೂ ಮೊರದಷ್ಟು,
ಏಪ್ರಿಲ್ ತಿಂಗಳಲ್ಲಿ.

ಮಚ್ಚು ಹಿಡಿದು ಹೊರಬಂದರು ನಲವತ್ತೇಳರ ಚಿಕ್ಕತಾಯಮ್ಮ.
"ಗೋಡೆ ಎಬ್ಸಕ್ಕೆ ಹೋದಂಗೆಲ್ಲ ಪಾಯ ಕುಸೀತಿತ್ತು.
ಅವ್ರೂ ಬುಟ್ರು, ನಾವೂ ಬುಟ್ಟೋ.
ಯಾರ್ದೂ ಅಲ್ವಂತೆ ಈ ಜಾಗ.
ನೆಟ್ಟೋರಿಲ್ಲ, ನೀರು ಹಾಕ್ದೋರಿಲ್ಲ,
ತಾನೇ ಬತ್ತದೆ."

ಬಗ್ಗಿ ನೋಡಿದೆ. ಚಪ್ಪಲಿಯಡಿ ಪಿಚಕ್ ಅಂದಿತು.
ಪರದೆಯ ಗೆರೆಗೆ ದಪ್ಪ ಬಂದಿತ್ತು.

"ಯಾರ ಮನೆ ಬೇಕಿತ್ತು?"
"ದಾರಿ ತಪ್ಪಿದೆ" ಅಂದೆ.
ಒಂದು ಹಿಡಿ ದಂಟು ಕೊಯ್ದು ಚೀಲಕ್ಕೆ ತುರುಕಿದರು.
"ಹುಣಸೆಹಣ್ಣ ಚೆನ್ನಾಗಿ ಹಿಂಡವ್ವ,
ಇಲ್ದಿದ್ರೆ ಗಂಟಲು ಕೆರೀತದೆ."

ಹಿಂಡಿದ್ದೆ.
ಎರಡು ಸಲ ಹಿಂಡಿದ್ದೆ.